ಗೊಂಬೆಕಟ್ಟೆಯ ಕಟ್ಟಳೆ

ಸಂಜೆಯ ದೀವಟಿಗೆಗಳು ಹೊತ್ತಿಕೊಂಡೊಡನೆ ಮಣಿದುರ್ಗದ ರಾಜಬೀದಿಯಲ್ಲಿ ನೇಕಾರರು ಮಗ್ಗ ಬಿಟ್ಟು, ಗಾಣಿಗರು ಗಾಣ ನಿಲ್ಲಿಸಿ, ಹೆಂಗಸರು ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಗೊಂಬೆಕಟ್ಟೆಯತ್ತ ಹರಿದು ಬರುತ್ತಿದ್ದರು. ಆ ಕಲ್ಲುಕಟ್ಟೆಯ ಮೇಲೆ ಬಿಳಿಯ ಪರದೆ ಕಟ್ಟಿ, ತೊಗಲುಗೊಂಬೆಗಳ ಬಾಯಿಂದ ಯಾರನ್ನಾದರೂ, ಸ್ವತಃ ಅರಸನನ್ನಾದರೂ, ಅಣಕಿಸಬಹುದಿತ್ತು. ಅಲ್ಲಿ ಆಡಿದ ಮಾತಿಗೆ ದಂಡನೆಯಿಲ್ಲವೆಂಬುದು ತಲೆತಲಾಂತರದ ಕಟ್ಟಳೆ. ಊರಿನ ಹಾಡು, ಗಾದೆ, ಗುಂಡಿಗೆ ಎಲ್ಲವೂ ಬೆಳೆದದ್ದು ಅಲ್ಲಿಯೇ. ನೆರೆನಾಡಿನವರು ಇವರನ್ನು ಬಾಯಿಬಡುಕರೆನ್ನುತ್ತಿದ್ದರು; ಇವರೋ ಅದನ್ನು ಬಿರುದೆಂದೇ ತಿಳಿದಿದ್ದರು.

ದಂಡನಾಯಕ ಮಲ್ಲರಸನಿಗೆ ಈ ಕಟ್ಟೆ ಕಣ್ಣಿನ ಕಸ. ಮಂತ್ರಿ ಬೊಪ್ಪಣಾರ್ಯ ಇನ್ನೂ ದೊಡ್ಡ ಕಸ. ಹಾವೂ ಸಾಯಬೇಕು, ಕೋಲೂ ಮುರಿಯಬಾರದೆಂದು ಯೋಚಿಸಿ, ಕೆರೆಯ ಏರಿಗೆ ತಂದ ಕಲ್ಲುಗಳನ್ನು ಮಂತ್ರಿ ತನ್ನ ಮನೆಗೆ ಸಾಗಿಸಿದನೆಂಬ ಸುಳ್ಳನ್ನು ಗೊಂಬೆಯಾಟದ ಹೊನ್ನೂರನ ಕಿವಿಗೆ ಬೀಳಿಸಿದ. ಹೊನ್ನೂರ ನಂಬಿದ, ಆಡಿಸಿದ, ಊರು ನಕ್ಕಿತು. ಮರುದಿನ ಅವನನ್ನು ಕಟ್ಟಿ ಆಸ್ಥಾನಕ್ಕೆ ತಂದರು.

"ಕಟ್ಟೆಯ ಮಾತಿಗೆ ದಂಡನೆಯಿಲ್ಲ, ಪ್ರಭು," ಎಂದ ಬೊಪ್ಪಣಾರ್ಯ.

ಪಟ್ಟವೇರಿ ವರ್ಷವೂ ತುಂಬದ ಎಳೆಯ ಅರಸು ಹುಬ್ಬು ಗಂಟಿಕ್ಕಿದ. "ಅದು ನಮ್ಮ ಹಿರಿಯರ ಸಹನೆ, ಆರ್ಯರೇ, ನಮ್ಮದಲ್ಲ. ಮಾತು ಸುಳ್ಳಾದರೆ ಇವನ ಕೈ ಕತ್ತರಿಸಿ ಕಟ್ಟೆಯನ್ನು ಕೆಡವಿಸುತ್ತೇವೆ. ನಿಜವಾದರೆ ಮುದ್ರೆಯುಂಗುರ ಒಪ್ಪಿಸಿ ತಾವು ನಗರ ಬಿಡಬೇಕು. ಹೇಳಿ."

ಮಲ್ಲರಸ ಮೀಸೆಯ ಮರೆಯಲ್ಲಿ ನಕ್ಕ. ಹೇಗೆ ಬಿದ್ದರೂ ಗೆಲುವು ಅವನದೇ.

ಬೊಪ್ಪಣಾರ್ಯನಿಗೆ ಮೊದಲು ಉಕ್ಕಿದ್ದು ಹೊನ್ನೂರನ ಮೇಲಿನ ಕೋಪವೇ. ಒಂದು ಮಾತು ವಿಚಾರಿಸಬಾರದಿತ್ತೇ, ಮುಠ್ಠಾಳ! ಇಬ್ಬರು ಅರಸರ ಕಾಲದಲ್ಲಿ ಕಳಂಕವಿಲ್ಲದೆ ಉಳಿಸಿಕೊಂಡ ಹೆಸರು. ಇನ್ನು ಮಕ್ಕಳು ಯಾವ ಮುಖ ಹೊತ್ತು ತಿರುಗಬೇಕು? ಆದರೆ ಕಟ್ಟೆಯಿಲ್ಲದ ಮಣಿದುರ್ಗ ಪಿಸುಮಾತಿನ ಊರಾಗುತ್ತದೆ, ಅಂಥ ಊರನ್ನು ಮಲ್ಲರಸನಂಥವರು ಸುಖವಾಗಿ ಆಳುತ್ತಾರೆ. ಹೆದರಿಕೆಯಾದರೂ ಬೊಪ್ಪಣಾರ್ಯ ತಲೆಯೆತ್ತಿದ.

"ನಿಜ, ಪ್ರಭು. ಕಲ್ಲುಗಳನ್ನು ನಾನೇ ಸಾಗಿಸಿದೆ."

ಬೊಪ್ಪಣಾರ್ಯ ಮುದ್ರೆಯುಂಗುರಕ್ಕೆ ಕೈಹಾಕಿದ. ಬೆರಳಿಗೆ ಬಿಗಿದುಕೊಂಡಿದ್ದ ಉಂಗುರ ಬೇಗನೆ ಕಳಚಲೂ ಇಲ್ಲ. ಹೊನ್ನೂರನ ಕಟ್ಟು ಬಿಚ್ಚಿದರು. ತಾನು ನಿಜವನ್ನೇ ಆಡಿದೆನೆಂಬ ಹೆಮ್ಮೆಯಲ್ಲಿ ಅವನು ಮಂತ್ರಿಯ ಮುಖವನ್ನೂ ನೋಡದೆ ಹೊರಟುಹೋದ.

ಕೋಟೆಯ ಬಾಗಿಲವರೆಗೂ ಜನ "ಕಲ್ಲುಗಳ್ಳ! ಕಲ್ಲುಗಳ್ಳ!" ಎಂದು ಬೊಬ್ಬೆಯಿಟ್ಟರು. ಜೊತೆಗೆ ನಡೆಯುತ್ತಿದ್ದ ಮಡದಿ ನಾಗಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಷ್ಟು ಬೈಗುಳ ತಿಂದೂ ನಗುತ್ತಿದ್ದೀರಲ್ಲ!"

"ಗಟ್ಟಿಯಾಗಿ ಬೈಯುತ್ತಿದ್ದಾರೆ, ನಾಗಲೆ. ಮೆಲ್ಲಗೆ ಬೈದಿದ್ದರೆ ಅಳುತ್ತಿದ್ದೆ."