ಸೋಮವಾರ ಮಲಗುವ ಉಪಗ್ರಹ

2025ರ ನವೆಂಬರ್ 4, ಮಂಗಳವಾರ. ಬೆಳಿಗ್ಗೆ ಹನ್ನೊಂದಕ್ಕೆ ಹುಬ್ಬಳ್ಳಿಯ ಸೈಬರ್ ಅಪರಾಧ ಠಾಣೆಗೆ ಬಂದ ವಾಣಿಶ್ರೀ ಎಂಬ ಹೆಣ್ಣುಮಗಳು, ತನ್ನ ಉಪಗ್ರಹವನ್ನು ಯಾರೋ ಮಲಗಿಸುತ್ತಿದ್ದಾರೆ ಎಂದು ದೂರು ಕೊಟ್ಟಳು. ಇನ್ಸ್‌ಪೆಕ್ಟರ್ ಮಾಲತೇಶ ತನ್ನ ನೌಕರಿಯಲ್ಲಿ ಕಳುವಾದ ಬೈಕು, ಎಮ್ಮೆ, ಬೋರ್‌ವೆಲ್ಲಿನ ಮೋಟಾರು ಹುಡುಕಿಕೊಟ್ಟವನು. ಆಕಾಶ ತನ್ನ ಠಾಣೆಯ ಹದ್ದಿನೊಳಗೆ ಬರುತ್ತದೆಯೇ ಎಂಬುದು ಮಾತ್ರ ಅವನಿಗೆ ಖಾತ್ರಿಯಿರಲಿಲ್ಲ.

"ಉಪಗ್ರಹ ನಿಮ್ದ ಏನ್ರಿ ಮೇಡಮ್?"

"ನಮ್ದರಿ. ಕೇಶ್ವಾಪುರದಾಗ ಕಂಪನಿ ಐತಿ. ಸಣ್ಣದು, ಬೂಟಿನ ಡಬ್ಬಿಯಷ್ಟು."

"ಕಂಪನಿ?"

"ಉಪಗ್ರಹರೀ!"

ಹೆಡ್ ಕಾನ್‌ಸ್ಟೇಬಲ್ ಬಡೇಸಾಬ ಚಹಾದ ಕಪ್ಪಿನೊಳಗೇ ನಕ್ಕ.

ಅವಳು ಬಿಡಿಸಿ ಹೇಳಿದಳು. ಉಪಗ್ರಹ ಹತ್ತಿಯ ಹೊಲಗಳ ಚಿತ್ರ ತೆಗೆಯುತ್ತದೆ. ಅದರೊಂದಿಗೆ ಮಾತಾಡುವ ದೊಡ್ಡ ಆ್ಯಂಟೆನಾ ಅವರದಲ್ಲ. ಪರದೇಶದ ಒಂದು ಕ್ಲೌಡ್ ಕಂಪನಿ ಅನೇಕ ದೇಶಗಳಲ್ಲಿ ಆ್ಯಂಟೆನಾ ನಿಲ್ಲಿಸಿ ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತದೆ. ಇಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಹೊತ್ತು ಕಾಯ್ದಿರಿಸಿದರೆ ಸಾಕು, ಉಪಗ್ರಹ ಆ ಆ್ಯಂಟೆನಾದ ಮೇಲೆ ಹಾಯುವಾಗ ಆಜ್ಞೆ ಹೋಗುತ್ತದೆ, ಚಿತ್ರ ಬರುತ್ತದೆ.

"ಅಂದ್ರ ಬಾಡಗಿ ಟ್ರ್ಯಾಕ್ಟರ್ ಇದ್ದಂಗ. ಹೊಲ ನಿಮ್ದು, ಗಾಡಿ ಅವರ್ದು."

"ಹಂಗ ಅನ್ರಿ. ಈಗ ಯಾರೋ ನಮ್ಮ ಹೆಸರಿಲೆ ಗಾಡಿ ತರಿಸಿ, ಮಲಕ್ಕೋ ಅಂತ ಆಜ್ಞಾ ಕಳಸಾಕತ್ತಾರ. ಹತ್ತಿ ವ್ಯಾಪಾರಿ ಗುರುಸಿದ್ದಯ್ಯನವರು ಇನ್ನೊಂದು ದಿವಸದ ಚಿತ್ರ ತಪ್ಪಿದ್ರ ಕರಾರು ಬಂದ್ ಅಂದಾರ. ಅವರು ಹೋದ್ರ ಆಫೀಸಿಗೆ ಕೀಲಿ ಹಾಕೂದರಿ."

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು. ಕ್ಲೌಡ್ ಕಂಪನಿಗೆ ನೋಟಿಸು ಹೋಯಿತು. ಮಾಲತೇಶ ಬಡೇಸಾಬನನ್ನು ಕರೆದುಕೊಂಡು ಕೇಶ್ವಾಪುರದ ಆಫೀಸಿಗೇ ನಡೆದ.

"ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ಎಲ್ಲಾರಿಗೂ," ಅಂದ ಎಂಜಿನಿಯರ್ ಪ್ರಸಾದ. "ಆಫೀಸಿಗೆಲ್ಲಾ ಒಂದರಿ. ಮಠದ ಅಜ್ಜಾರ ಹೆಸರು, ಮುಂದ ಒಂದು ಎರಡು ಮೂರು."

"ಸಿದ್ಧಾರೂಢ ಒಂದು ಎರಡು ಮೂರು? ನಮ್ಮ ಠಾಣೇದೂ ಅದ ಐತಿ ಸಾಹೇಬ್ರ," ಎಂದು ಬಡೇಸಾಬ ಗಾಬರಿಯಾದ.

"ನಾಳೆ ಬದಲಿ ಮಾಡು. ಮೇಡಮ್, ನೀವು ಮಾತ್ರ ಕಳ್ಳ ಸಿಗೂತನಕ ಬದಲಿ ಮಾಡಬ್ಯಾಡ್ರಿ. ಚಿತ್ರ ಏನರ ಕಳುವಾಗ್ಯಾವೇನು?"

"ಇಲ್ರಿ."

"ಕೆಡಿಸ್ಯಾನ?"

"ಇಲ್ಲ. ಸೋಮವಾರ ಮಲಗತೈತಿ. ಮಂಗಳವಾರ ತಾನ ಎದ್ದು ಕೆಲಸಕ್ಕ ಹತ್ತತೈತಿ."

"ಎಲ್ಲಾ ಸೋಮವಾರ?"

"ಎರಡು ತಿಂಗಳಿಂದ ಒಂದೂ ಬಿಟ್ಟಿಲ್ಲ."

ಮಾಲತೇಶನಿಗೆ ಊರಿನ ನೆನಪಾಯಿತು. ಅವನ ಅಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವನಲ್ಲ. ಹದ ಹೋದರೆ ಹೋಗಲಿ, ಅಂದು ಬಸವಣ್ಣನಿಗೆ ಬಿಡುವು. ಮೈ ತೊಳೆದು, ಮೇವು ಹಾಕಿ, ಸುಮ್ಮನೆ ನಿಲ್ಲಿಸುವುದು. ಕದಿಯದ, ಕೆಡಿಸದ, ವಾರಕ್ಕೊಮ್ಮೆ ನೊಗ ಇಳಿಸಿ ಹೋಗುವ ಕಳ್ಳ ಎಂಥ ಮನೆಯವನಿರಬೇಕು?

"ನಿಮ್ಮಲ್ಲಿ ಒಕ್ಕಲುತನದ ಮನ್ಯಾಂವ ಯಾರದಾರ?"

"ಯಾರೂ ಇಲ್ರಿ. ಇದ್ದಾಂವ ಬಿಟ್ಟುಹೋದ. ಶಿವಯೋಗೀಶ ಅಂತ, ಉಪ್ಪಿನಬೆಟಗೇರಿಯಾಂವ."

"ಯಾಕ ಬಿಟ್ಟ?"

ವಾಣಿಶ್ರೀ ಕಿಟಕಿಯ ಕಡೆ ನೋಡಿದಳು. "ಬ್ಯಾಟರಿ ಸಲುವಾಗಿ ಜಗಳಾತು. ಇಂಗ್ಲಿಷಿನ್ಯಾಗ ನಲವತ್ತು ಪುಟದ ವರದಿ ಬರದಿದ್ದ. ನಾ ಪೂರಾ ಓದಲಿಲ್ಲ."

ಶನಿವಾರದ ಹೊತ್ತಿಗೆ ಕ್ಲೌಡ್ ಕಂಪನಿಯಿಂದಲೂ ಇಂಟರ್ನೆಟ್ ಕಂಪನಿಯಿಂದಲೂ ಉತ್ತರ ಬಂತು. ಆಜ್ಞೆಗಳೆಲ್ಲ ಹೋದದ್ದು ಉಪ್ಪಿನಬೆಟಗೇರಿಯ ಒಂದೇ ಮನೆಯ ಇಂಟರ್ನೆಟ್ಟಿನಿಂದ, ಅದೂ ಪ್ರತಿ ರವಿವಾರ ಸಂಜೆ.

ರವಿವಾರ ಮಧ್ಯಾಹ್ನ ಜೀಪು ಆ ಮನೆಯ ಮುಂದೆ ನಿಂತಿತು. ತೆಳ್ಳಗಿನ ಹುಡುಗನೊಬ್ಬ ಹೊರಗೆ ಬಂದ.

"ಶಿವಯೋಗೀಶ ನೀವ ಏನು?"

"ಹೌದ್ರಿ. ಒಂದೆರಡು ತಾಸು ತಡಾ ಮಾಡಿ ಬಂದಿದ್ರ ಛಲೋ ಇತ್ತರಿ ಸಾಹೇಬ್ರ. ಇವತ್ತಿನ ಆಜ್ಞಾ ಇನ್ನೂ ಕಳಿಸಿಲ್ಲ."

ಇಷ್ಟು ಚೊಕ್ಕ ತಪ್ಪೊಪ್ಪಿಗೆ ಮಾಲತೇಶನಿಗೆ ಹಿಂದೆ ಸಿಕ್ಕಿರಲಿಲ್ಲ. ಇಬ್ಬರು ಪಂಚರ ಎದುರು ಲ್ಯಾಪ್‌ಟಾಪ್ ಜಪ್ತಾಯಿತು. "ಇದರಾಗ ಐತೇನ್ರಿ ಉಪಗ್ರಹ?" ಎಂದು ಒಬ್ಬ ಪಂಚ ದೂರ ಸರಿದೇ ಪಂಚನಾಮೆಗೆ ಸಹಿ ಹಾಕಿದ. ತಾಯಿ ಬಾಳವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟಳು, ಬಂಧಿಸುವವರಿಗೂ.

"ಕಳಸದಿದ್ರ ಏನಾಕ್ಕೈತಿ?" ಮಾಲತೇಶ ಜೀಪಿನಲ್ಲಿ ಕೇಳಿದ.

"ಆಗಸ್ಟಿನ್ಯಾಗ ಅದರ ಒಂದು ಸೌರಫಲಕ ಕೆಟ್ಟೈತ್ರಿ. ಆರು ದಿವಸ ದುಡಿಯೂದ್ರಾಗ ಬ್ಯಾಟರಿ ತಳಾ ಕಾಣತೈತಿ. ಒಂದು ದಿವಸ ಸುಮ್ಮನ ಬಿಟ್ರ ತುಂಬತೈತಿ. ಇಲ್ಲಂದ್ರ ಬುಧವಾರದೊಳಗ ಸಾಯತೈತಿ."

"ಎಷ್ಟೊತ್ತಿಗೆ ಕಳಿಸಬೇಕು?"

"ಐದೂವರಿಗೆ ಆ್ಯಂಟೆನಾ ಮ್ಯಾಲೆ ಹಾಯತೈತಿ."

ಜಪ್ತಾದ ಲ್ಯಾಪ್‌ಟಾಪಿಗೆ ಆರೋಪಿಯ ಕೈ ತಾಗಿಸುವಂತಿರಲಿಲ್ಲ. ಮಾಲತೇಶ ವಾಣಿಶ್ರೀಗೆ ಫೋನು ಮಾಡಿ, ಪ್ರಸಾದನನ್ನೂ ಕರೆದುಕೊಂಡು ಲಗೂ ಠಾಣೆಗೆ ಬರಲು ಹೇಳಿದ.

ಐದು ಗಂಟೆಗೆ ಪ್ರಸಾದ ಲೆಕ್ಕ ಮುಗಿಸಿ ತಲೆ ಎತ್ತಿದ. "ಖರೇ ಐತ್ರಿ ಮೇಡಮ್. ಈ ಸೋಮವಾರಗಳು ಇರದಿದ್ರ ಸೆಪ್ಟೆಂಬರಿನ್ಯಾಗ ಸತ್ತಿರ್ತಿತ್ತು."

ಮಲಗಿಸಿದರೆ ಕರಾರು ಹೋಗುತ್ತದೆ, ದುಡಿಸಿದರೆ ಉಪಗ್ರಹ. ವಾಣಿಶ್ರೀ ಬೆಂಚಿನ ಮೇಲೆ ಕುಳಿತ ಆರೋಪಿಯ ಮುಖವನ್ನೊಮ್ಮೆ ನೋಡಿ, ಗುರುಸಿದ್ದಯ್ಯನಿಗೆ ಫೋನು ಹಚ್ಚಿದಳು. ಸ್ಪೀಕರ್ ಹಾಕಿದಳು.

"ಕಾಕಾ, ಸೋಮವಾರ ಚಿತ್ರ ಬರೂದಿಲ್ರಿ. ನಾಳೆ ಅಷ್ಟ ಅಲ್ಲ, ಯಾವ ಸೋಮವಾರನೂ. ಅದಕ್ಕ ಒಂದು ದಿವಸ ನೊಗ ಇಳಿಸಬೇಕು, ಇಲ್ಲಂದ್ರ ಸಾಯತೈತಿ."

ಗುರುಸಿದ್ದಯ್ಯ ಆಚೆಯಿಂದ ನಕ್ಕ.

"ಹುಚ್ಚಿ, ಸೋಮವಾರ ಯಾರರ ದುಡಸತಾರೇನು? ನಮ್ಮ ಕಡೆ ಯಾವ ರೈತನೂ ಹೂಡಂಗಿಲ್ಲ. ಇದನ್ನ ಮೊದಲ ಹೇಳಿದ್ರ ನಾ ಬ್ಯಾಡ ಅಂತಿದ್ನೇನ ತಂಗಿ? ಯಂತ್ರ ಕೆಟ್ಟೈತಿ, ನೀ ಮುಚ್ಚಿಡಾಕತ್ತೀ ಅಂತ ನಾ ತಿಳಕೊಂಡಿದ್ದೆ."

ನಲವತ್ತು ಪುಟಗಳಲ್ಲಿ ಆಗದ್ದು ಒಂದು ಮಾತಿನಲ್ಲಿ ಮುಗಿಯಿತು. ಶಿವಯೋಗೀಶ ತಲೆ ಚಚ್ಚಿಕೊಂಡ. ಐದೂವರೆಗೆ ವಾಣಿಶ್ರೀ ತನ್ನ ಕೈಯಿಂದಲೇ ಆಜ್ಞೆ ಕಳಿಸಿದಳು. ಎಲ್ಲೋ ಪರದೇಶದ ಆ್ಯಂಟೆನಾ ತಿರುಗಿ ಅದನ್ನು ಮೇಲಕ್ಕೆ ಮುಟ್ಟಿಸಿತು. ಬಡೇಸಾಬ ಯಾಕೋ ಟೋಪಿ ತೆಗೆದ.

ಮಾಲತೇಶ ಆರೋಪಿಯ ಹೇಳಿಕೆ ಬರೆದುಕೊಂಡ.

"ನೌಕರಿ ಬಿಟ್ಟಾಂವಗ ಇದರ ಉಸಾಬರಿ ಯಾಕ ಬೇಕಿತ್ತು?"

"ಹೋದ ವರ್ಷ ಬೆಣ್ಣಿಹಳ್ಳಕ್ಕ ಮಹಾಪೂರ ಬಂದಾಗ ನಮ್ಮವ್ವನ ತವರಮನಿ ಮಂದಿ ಯಾವ ದಿಬ್ಬದ ಮ್ಯಾಲೆ ನಿಂತಾರಂತ ಯಾರಿಗೂ ಗೊತ್ತಿರಲಿಲ್ರಿ. ಮೋಡ ಒಂದೀಟು ಸರದಾಗ ಅದು ಚಿತ್ರ ಕಳಿಸ್ತು. ಅದನ್ನ ನೋಡಿ ದೋಣಿ ಹೋದ್ವು. ಎಲ್ಲಾರೂ ಉಳದ್ರು. ಅಂಥಾದ್ದನ್ನ ದುಡಿಸಿ ದುಡಿಸಿ ಕೊಲ್ಲೂದು ನೋಡಕೋತ ಹೆಂಗ ಕೂಡ್ಲಿ ಸಾಹೇಬ್ರ?"

ಅಪರಾಧ ಅಪರಾಧವೇ, ಬಂಧನ ದಾಖಲಾಯಿತು. ಜಾಮೀನು ಸಿಗುವ ಕಲಮಾದ್ದರಿಂದ ಜಾಮೀನುದಾರರು ಯಾರೆಂದು ಕೇಳಿದಾಗ ಫಿರ್ಯಾದಿಯೇ ಎದ್ದು ನಿಂತಳು.

"ಹಂಗ ನಡೀತೈತೇನ್ರಿ?" ಬಡೇಸಾಬ ಕೇಳಿದ.

"ಬ್ಯಾಡ ಅಂತ ಎಲ್ಲೂ ಬರದಿಲ್ಲ. ಸಹಿ ಮಾಡಸು."

ಅವರೆಲ್ಲ ಹೋದಮೇಲೆ ಮಾಲತೇಶ ವರದಿ ಮುಗಿಸಲು ಕುಳಿತ. ಕೃತ್ಯದ ಉದ್ದೇಶ ಎಂಬಲ್ಲಿ ಸಾಮಾನ್ಯವಾಗಿ ಅವನು ಬರೆಯುವುದು ಎರಡೇ ಮಾತು: ಲಾಭ, ಇಲ್ಲವೇ ದ್ವೇಷ. ಇಂದು ಪೆನ್ನು ಸ್ವಲ್ಪ ತಡೆಯಿತು. ಆಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆದ: ಉಪಕಾರ ಸ್ಮರಣೆ.