ಬಾಕಿರಾಯ ಮತ್ತು ಅವ್ವನ ಕೌದಿ

ಕಾಸಿಗೆ ಸೇರು ಕಡಲೆ ಸಿಗುತ್ತಿದ್ದ ಆ ಕಾಲವೇ ಕಾಲ ಬಿಡಿ! ಆಗ ಕುಂಕುಮಾವತಿ ಎಂಬ ರಾಜ್ಯದಲ್ಲಿ ಸಕ್ರವ್ವ ಎಂಬ ಕೌದಿ ಹೊಲಿಯುವ ಹುಡುಗಿಯಿದ್ದಳು. ತೀರಿಹೋದ ಅವ್ವನ ಹಳೇ ಸೀರೆಗಳ ತುಂಡು ಸೇರಿಸಿದ ಕೌದಿಯೊಂದೇ ಅವಳ ಆಸ್ತಿ. ಒಂದೊಂದು ತುಂಡು ಮುಟ್ಟಿದರೂ ಅವ್ವನ ಒಂದೊಂದು ನೆನಪು ಬರುತ್ತಿತ್ತು.

ಒಂದು ದಿನ ಬಾಕಿರಾಯನೆಂಬ ಮಾಂತ್ರಿಕ ಬಂದು ಅವಳಿಗೊಂದು ತಾಮ್ರದ ಎಲೆ ಕೊಟ್ಟ. "ಇದನ್ನು ತೋರಿಸು ಮಗಳೇ, ಅಂಗಡಿಯವರು ಕೇಳಿದ್ದು ಕೊಡ್ತಾರೆ. ಹುಣ್ಣಿಮೆಗೆ ಲೆಕ್ಕ ಬರೀತೀನಿ. ಅಮಾವಾಸ್ಯೆಯೊಳಗೆ ಪೂರ್ತಿ ತೀರಿಸಿದರೆ ಬಡ್ಡಿಯಿಲ್ಲ. ತಪ್ಪಿದರೆ ಕೌದಿಯ ಬಣ್ಣವೇ ಬಡ್ಡಿ."

ಮೊದಲ ಸಲ ಸಕ್ರವ್ವ ಜಾಣೆ. ಹುಣ್ಣಿಮೆಯ ಮರುದಿನವೇ ನೂಲು ಕೊಂಡಳು. ಲೆಕ್ಕ ಮುಂದಿನ ಹುಣ್ಣಿಮೆಗೆ, ಗಡುವು ಅದರಾಚೆಯ ಅಮಾವಾಸ್ಯೆಗೆ; ತೀರಿಸಲು ಒಂದೂವರೆ ತಿಂಗಳು ಸಿಕ್ಕಿತು. ಪೂರ್ತಿ ತೀರಿಸಿದಳು. ಕೌದಿ ಹಾಗೇ ಇತ್ತು.

ಎರಡನೇ ಸಲ ಆಸೆ ಹೆಚ್ಚಿ ಬೆಳ್ಳಿ ದೀಪ ಕೊಂಡಳು. ನೂರು ಹೊನ್ನಿನ ಲೆಕ್ಕ ಬಂತು. "ಈಗ ಐದೇ ಹೊನ್ನು ಕೊಡು ಸಾಕು" ಎಂದ ಬಾಕಿರಾಯ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಕೊಟ್ಟಳು. ಮರುದಿನ ಸೂಜಿಯನ್ನೂ ಕೊಂಡಳು. ಮುಂದಿನ ಹುಣ್ಣಿಮೆಗೆ ಕೌದಿ ಬಿಚ್ಚಿದರೆ, ಅಯ್ಯೋ! ದೀಪಕ್ಕೆ ಕೊಂಡ ದಿನದಿಂದಲೇ ಬಡ್ಡಿ. ಹಳೇ ಬಾಕಿಯಿದ್ದದ್ದಕ್ಕೆ ಸೂಜಿಗೂ ಗಡುವಿಲ್ಲ, ಅಂದಿನಿಂದಲೇ ಬಡ್ಡಿ. ತುಂಡುಗಳೆಲ್ಲ ಬಿಳಿಚಿದ್ದವು. ಮುಟ್ಟಿದರೆ ಏನೂ ನೆನಪಾಗದೆ ಸಕ್ರವ್ವ ಬಿಕ್ಕಿ ಬಿಕ್ಕಿ ಅತ್ತಳು. ಅವಳ ನಾಮಕರಣದಂದು ಅವ್ವ ಉಟ್ಟಿದ್ದ ಕೆಂಪು ಸೀರೆಯ ತುಂಡೊಂದೇ ಉಳಿದಿತ್ತು. ಅದು ಹೋದರೆ ಅವ್ವನ ಮುಖವೇ ಹೋದಂತೆ.

ಮೂರನೇ ಸಲ ಅವಳು ಎಲೆಯನ್ನು ಅಕ್ಕಿಮಡಕೆಯ ತಳಕ್ಕೆ ಹಾಕಿದಳು. ದೀಪ ಮಾರಿದಳು, ಊರವರ ಕೌದಿ ಹೊಲಿದಳು, ಅಮಾವಾಸ್ಯೆಗೆ ಲೆಕ್ಕದ ಹೊನ್ನನ್ನೆಲ್ಲ ಹೊತ್ತು ಬಾಕಿರಾಯನ ಗುಹೆಗೆ ಹೋದಳು.

"ಸರಿ ತಾಯಿ, ಹೋಗಿಬಾ" ಎಂದ ಅವನು, ಬಲು ಬೇಗ.

ಬಾಗಿಲಲ್ಲಿ ಕಟ್ಟಿದ್ದ ಮೇಕೆ ಮಾತಾಡಿತು: "ಹೋಗಬೇಡ ತಂಗೀ! ನಾನೂ ಹೀಗೇ ಹೋಗಿ ಮೇಕೆಯಾದವನು. ಹುಣ್ಣಿಮೆಯಿಂದ ಇವತ್ತಿನವರೆಗಿನ ಬಡ್ಡಿ ಆ ಲೆಕ್ಕದಲ್ಲಿಲ್ಲ."

ಸಕ್ರವ್ವ ತಿರುಗಿ ಕೇಳಿದಳು: "ಇನ್ನೇನು ಬಾಕಿಯಿದೆ, ಹೇಳಿ?"

ನೇರವಾಗಿ ಕೇಳಿದರೆ ಅವನು ಸುಳ್ಳಾಡುವಂತಿರಲಿಲ್ಲ. "ಆ ಕೆಂಪು ತುಂಡು" ಎಂದು ಗೊಣಗಿದ.

ಅವಳು ಅದನ್ನು ಕೆನ್ನೆಗೊತ್ತಿಕೊಂಡು, ಬಿಚ್ಚಿ ಕೊಟ್ಟಳು. ಕೊಟ್ಟ ಕೂಡಲೇ ಅವ್ವನ ಮುಖ ಮರೆತುಹೋಯಿತು. ಯಾಕೆ ಅಳುತ್ತಿದ್ದೇನೆಂದು ತಿಳಿಯದಿದ್ದರೂ ಪಟ್ಟು ಬಿಡಲಿಲ್ಲ: "ಬಾಕಿ ಇಲ್ಲ ಅಂತ ಬರೀರಿ!"

ಜನರ ಬಾಕಿಯಿಂದಲೇ ಬದುಕಿದ್ದ ಬಾಕಿರಾಯನ ಲೇಖನಿ ಎಂದೂ ಬರೆಯದ ಮಾತದು. ಬರೆದ ಕೂಡಲೇ ಲೇಖನಿ ಸೀಳಿಹೋಯಿತು, ಬಾಕಿರಾಯ ಬೂದಿಯಾದ. ಮೇಕೆ ಬಳೆಗಾರ ಚಿನ್ನಪ್ಪನಾಗಿ ಹೆಂಡತಿ ಮಕ್ಕಳ ಕಡೆ ಓಡಿದ. ಕಸಿದಿದ್ದ ಬಣ್ಣಗಳೆಲ್ಲ ತಂತಮ್ಮ ಮನೆ ಸೇರಿದವು, ರಾಜ್ಯವೆಲ್ಲ ನಕ್ಕು ನಲಿಯಿತು.

ಸಕ್ರವ್ವ ಬೂದಿಯಲ್ಲಿ ಸಿಕ್ಕ ಕೆಂಪು ತುಂಡನ್ನು ಮತ್ತೆ ಹೊಲಿದು, ಕೌದಿ ಹೊದ್ದು ಕಣ್ಣು ಮುಚ್ಚಿದಳು. ಅವ್ವ ನಗುತ್ತಿದ್ದಳು.