ನಲವತ್ತೆರಡೂವರೆ ಮಿಲಿಮೀಟರ್

"ನಾನು ತಪ್ಪು ಮಾಡಿದೀನಿ ಅಂತ ನಿಮಗೆ ಹೇಳಿದ್ಯಾರ್ರೀ? ಅದನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ಳಿ ಅಂತ ನಾನು ಕೇಳಿದ್ನಾ?"

ಯಂತ್ರಗಳ ಗದ್ದಲವನ್ನೂ ಮೀರಿ ಬಂತು ಪ್ರಭಾಳ ದನಿ. ಆವಲಪ್ಪ ಡ್ರಿಲ್ಲಿಂಗ್ ಮಷೀನ್ ಆರಿಸಿ, ಕೈ ಒರೆಸಿಕೊಳ್ಳುತ್ತಾ ತಲೆ ತಗ್ಗಿಸಿ ನಿಂತ.

1988ರ ಮಾತು. ಪೀಣ್ಯದ ಆ ಕಾರ್ಖಾನೆಗೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ಜಾಲಹಳ್ಳಿ ಕ್ವಾರ್ಟರ್ಸ್‌ನ ಪ್ರಭಾ ಅದರ ಮುಂದೆ ಕೂತು, ಒಂದೊಂದು ಗೆರೆಯ ಉದ್ದವನ್ನೂ ಅಂಕಿಯಲ್ಲೇ ಟೈಪ್ ಮಾಡಿ ಡ್ರಾಯಿಂಗ್ ತಯಾರಿಸುತ್ತಿದ್ದಳು. ಆ ಅಳತೆಗೆ ತಕ್ಕಂತೆ ಉಕ್ಕಿನಲ್ಲಿ ತೂತು ಕೊರೆಯುವವನು ಮಾಕಳಿಯ ಆವಲಪ್ಪ. ಟೀ ಹೊತ್ತಿನಲ್ಲಿ ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ನಿಂತು, ಹಸಿರು ಗೆರೆ ನೋಡುವ ನೆಪದಲ್ಲಿ ಅವಳನ್ನು ನೋಡುತ್ತಿದ್ದ. ಅವಳು ತಿರುಗಿದರೆ ಸಾಕು, ಗೋಡೆಯ ಕ್ಯಾಲೆಂಡರ್ ಓದಲು ಶುರು ಮಾಡುತ್ತಿದ್ದ. ಅವಳೂ ಕಮ್ಮಿಯಿಲ್ಲ, ಬೇಕೆಂದೇ ಎರಡೆರಡು ಸಲ ತಿರುಗುತ್ತಿದ್ದಳು.

ಇವತ್ತು ಬೆಳಿಗ್ಗೆ ನಲವತ್ತು ಪ್ಲೇಟುಗಳು ಗಿರಾಕಿಯಿಂದ ವಾಪಸ್ ಬಂದಿದ್ದವು. ಎರಡು ತೂತುಗಳ ನಡುವಿನ ಅಂತರ ತಪ್ಪು. "ಎಲ್ಲಾ ಆ ಕಂಪ್ಯೂಟರ್ ಹುಡುಗಿ ಕೆಲ್ಸ! ನಾಳೆಯಿಂದ ಅವಳನ್ನ ಟೈಪಿಂಗ್‌ಗೆ ಹಾಕಿಸ್ತೀನಿ" ಎಂದು ಹೆಡ್ ಡ್ರಾಫ್ಟ್ಸ್‌ಮನ್ ವೆಂಕಟಸುಬ್ಬಯ್ಯ ಕೂಗಾಡಿದ್ದರು. ಆಗ ಆವಲಪ್ಪ ಮುಂದೆ ಬಂದು, ಅಳತೆ ತಪ್ಪು ಓದಿದ್ದು ತಾನೇ ಎಂದುಬಿಟ್ಟ. ಕೈಗೆ ಮೆಮೊ ಬಂತು, ನಾಳೆಯಿಂದ ಮೂರು ದಿನ ಸಸ್ಪೆನ್ಷನ್.

"ಅಂಗಲ್ಲ ಮೇಡಂ, ನಿಮ್ ಕೆಲ್ಸ..."

"ನನ್ನ ಕೆಲ್ಸದ ಮೇಲೆ ಕರುಣೆ ಬೇಡ. ಎಲ್ಲಿ, ಡ್ರಾಯಿಂಗ್ ತೋರ್ಸಿ."

ಅವನು ಹಾಳೆ ಬಿಚ್ಚಿದ. ಅಂತರ 45.2 ಎಂದಿತ್ತು. ಪ್ರಭಾ ಕೊಟ್ಟಿದ್ದು 42.5. ಅದಕ್ಕಿಂತ ಹೆಚ್ಚಾಗಿ, ಆ ಅಂಕಿಗಳು ಯಂತ್ರದ್ದಲ್ಲ, ಯಾರೋ ಇಂಕ್‌ನಲ್ಲಿ ಕೈಯಾರೆ ಬರೆದದ್ದು.

"ಇದು ನನ್ನದಲ್ಲ!"

"ನಮಗೆ ಯಾವಾಗ್ಲೂ ಇಂತಾದ್ದೇ ಬರೋದು. ವೆಂಕಟಸುಬ್ಬಯ್ನೋರು ನಿಮ್ದು ನೋಡ್ಕೊಂಡು ಕೈಯಲ್ಲಿ ಬರ್ದು ಕೊಡ್ತಾರೆ."

ಪ್ರಭಾ ಹಾಳೆ ಕಿತ್ತುಕೊಂಡಳು. ಮೂರು ತಿಂಗಳು ಕಣ್ಣು ಉರಿಯುವಂತೆ ಕೂತು ಮಾಡಿದ ಒಂದು ಹಾಳೆಯೂ ಇಲ್ಲಿಗೆ ತಲುಪಿರಲಿಲ್ಲ!

"ಬನ್ನಿ ನನ್ ಜೊತೆ" ಎಂದವಳೇ ಹೊರಟಳು.

ಮ್ಯಾನೇಜರ್ ಗೋಪಾಲಪ್ಪನವರನ್ನೂ ವೆಂಕಟಸುಬ್ಬಯ್ಯನವರನ್ನೂ ಕಂಪ್ಯೂಟರ್ ಮುಂದೆ ನಿಲ್ಲಿಸಿದಳು. ಪರದೆಯ ಮೇಲೆ ಎರಡು ತೂತುಗಳ ನಡುಬಿಂದು ಗುರುತಿಸಿ ದೂರ ಕೇಳಿದಳು. 42.5000 ಎಂದು ಬಂತು. ಪಕ್ಕದಲ್ಲಿ ಇಂಕ್‌ನ ಹಾಳೆ ಹಿಡಿದಳು.

"ಯಂತ್ರದ ಗೆರೆ ನಂಬೋಕಾಗತ್ತಾ ಸಾರ್? ಅದಕ್ಕೇ ನಾನು ಇನ್ನೊಂದ್ಸಲ..." ವೆಂಕಟಸುಬ್ಬಯ್ಯ ಹಾಳೆಯತ್ತ ಕೈ ಚಾಚಿದರು.

"ತಪ್ಪು ಬರೆದಿದ್ದು ನೀವು, ಬೈಸಿಕೊಂಡಿದ್ದು ನಾನು, ಸಸ್ಪೆಂಡ್ ಆಗಿದ್ದು ಇವರು. ಚೆನ್ನಾಗಿದೆ ಸಾರ್!"

ಗೋಪಾಲಪ್ಪ ಮೆಮೊ ಹರಿದರು. ಇನ್ನು ಮೇಲೆ ಪ್ರಭಾಳ ಹಾಳೆಗಳೇ ನೇರ ಮಷೀನಿಗೆ ಹೋಗಬೇಕು ಎಂದರು.

ಸಂಜೆ ತುಮಕೂರು ರಸ್ತೆಯ ಬಸ್ ಸ್ಟಾಪಿನಲ್ಲಿ ಆವಲಪ್ಪ ಎರಡು ಮಾರು ದೂರ ನಿಂತಿದ್ದ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಒಂದು ಮಾತು ನನ್ನ ಕೇಳಿದ್ರೆ ಏನಾಗ್ತಿತ್ತು?"

"ಬಯ ಆಯ್ತು. ತಪ್ಪು ಯಾರ್ದಾದ್ರೇನು, ನೀವು ಕೆಲ್ಸ ಬಿಟ್ಟು ಓಗ್ಬಿಟ್ರೆ ಅಂತ." ಅವನು ಧೂಳು ರಸ್ತೆಯನ್ನೇ ನೋಡುತ್ತಿದ್ದ. "ನೀವಿಲ್ದಿದ್ರೆ ನಂಗೆ ಇಲ್ಲಿ ಬರೋಕೇ ಮನ್ಸಿರಲ್ಲ, ಪ್ರಭಾ."

ಅವನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಇದೇ ಮೊದಲು. ಮುಖ ಗಂಟಿಕ್ಕಿಕೊಂಡೇ ಇರಬೇಕೆಂದು ಅವಳು ಬಹಳ ಪ್ರಯತ್ನಪಟ್ಟಳು.

"ಭಾನುವಾರ ಮನೆಗೆ ಬನ್ನಿ. ಅಪ್ಪ ಜಾತಿ ಅಂತಾರೆ, ಊರು ಅಂತಾರೆ, ಕೂಗಾಡ್ತಾರೆ. ನಿಮ್ಮ ಮನಸ್ಸಲ್ಲಿರೋದು ನೀವು ಹೇಳಿ. ನನ್ನ ಮನಸ್ಸಲ್ಲಿರೋದು ಮಾತ್ರ ನೀವು ಹೇಳೋಕೆ ಹೋಗ್ಬೇಡಿ."

"ಅದನ್ಯಾರು ಏಳ್ತಾರೆ?"

"ನಾನೇ ಹೇಳ್ತೀನಿ" ಎಂದಳು ಪ್ರಭಾ. "ನನಗೂ ಬಾಯಿದೆ."